ಗೂಡು ಖಾಲಿಯಾಗಲಿಲ್ಲ, ಹಕ್ಕಿ ಬದಲಾಗುತ್ತಿತ್ತು: ಬೊನೆಲ್ಲಿ ಹದ್ದಿನ ನೆಲೆ ಅಳೆದ ಒಂದು ಪ್ರಕರಣ

ಈ ಬರಹದಲ್ಲಿ ಬರುವ ಬೆಟ್ಟ, ಊರು, ಸಂಸ್ಥೆ, ವ್ಯಕ್ತಿ ಯಾವುದಕ್ಕೂ ನಿಜ ಹೆಸರಿಲ್ಲ. ಬೇಟೆಹಕ್ಕಿಯ ಗೂಡು ಎಲ್ಲಿದೆ ಎಂಬುದು ಬಯಲಾದರೆ ಮೊಟ್ಟೆ, ಮರಿ ಕದಿಯುವವರು ಅಲ್ಲಿಗೆ ತಲುಪುತ್ತಾರೆ. ಹತ್ತಿರದ ಫೋಟೋ ಬೇಕೆಂದು ಬಂಡೆ ಏರುವವರೂ ತಲುಪುತ್ತಾರೆ. ಆದ್ದರಿಂದ ನಾಲ್ಕು ಗೂಡುನೆಲೆಗಳಿಗೆ ಹೆಬ್ಬಂಡೆ, ಪೊದೆಗುಡ್ಡ, ಗಣಿಮಗ್ಗುಲು, ದಾರಿಗುಡ್ಡ ಎಂಬ ಕಲ್ಪಿತ ಹೆಸರು ಕೊಟ್ಟಿದ್ದೇನೆ. ಗುರುತು ಬಿಟ್ಟುಕೊಡುವ ವಿವರಗಳನ್ನು ತೆಗೆದಿದ್ದೇನೆ. ನಿರ್ಧಾರಗಳು ಒಂದರ ಹಿಂದೆ ಒಂದು ಬಂದ ಕ್ರಮವನ್ನು ಮಾತ್ರ ಹಾಗೆಯೇ ಉಳಿಸಿದ್ದೇನೆ.

ಹಿನ್ನೆಲೆ

ಬೊನೆಲ್ಲಿ ಹದ್ದು ಸ್ಪೇನ್, ಪೋರ್ಚುಗಲ್‌ಗಳಿಂದ ಹಿಡಿದು ಉತ್ತರ ಆಫ್ರಿಕಾ, ಭಾರತ, ದಕ್ಷಿಣ ಚೀನಾದವರೆಗೂ ಗುಡ್ಡಗಾಡುಗಳಲ್ಲಿ ಬದುಕುವ ಹಕ್ಕಿ. ರೆಕ್ಕೆ ಹರಡಿದರೆ ತುದಿಯಿಂದ ತುದಿಗೆ ಒಂದೂವರೆ ಮೀಟರ್ ಅಥವಾ ಅದಕ್ಕೂ ಹೆಚ್ಚು. ಬಂಡೆಯ ಚಾಚಿನ ಮೇಲೋ ದೊಡ್ಡ ಮರದ ಮೇಲೋ ಕಡ್ಡಿಯ ಗೂಡು ಕಟ್ಟುತ್ತದೆ, ವರ್ಷ ವರ್ಷ ಅದನ್ನೇ ದುರಸ್ತಿ ಮಾಡಿಕೊಂಡು ಬಳಸುತ್ತದೆ. ಸಾಮಾನ್ಯವಾಗಿ ಇಡುವುದು ಎರಡು ಮೊಟ್ಟೆ. ಕಾವಿಗೆ 40 ದಿನದ ಆಸುಪಾಸು, ಮರಿ ಹಾರಲು ಇನ್ನೂ ಎರಡು ತಿಂಗಳು. ಮೊಲ, ಗೌಜಲಹಕ್ಕಿ, ಪಾರಿವಾಳ, ದೊಡ್ಡ ಹಲ್ಲಿಗಳು ಇದರ ಆಹಾರ. ಎಳೆಯ ಹಕ್ಕಿಯ ಎದೆ ಕೆಂಗಂದು ಬಣ್ಣದ್ದು. ಪ್ರಾಯಕ್ಕೆ ಬಂದಂತೆ ಎದೆ ಬೆಳ್ಳಗಾಗಿ ಕಪ್ಪು ಗೀರುಗಳು ಮೂಡುತ್ತವೆ, ಬೆನ್ನ ಮೇಲೆ ಬಿಳಿ ಮಚ್ಚೆ ಕಾಣಿಸಿಕೊಳ್ಳುತ್ತದೆ. ಈ ಬದಲಾವಣೆ ಪೂರ್ತಿಯಾಗಲು ಮೂರು ನಾಲ್ಕು ವರ್ಷ ಬೇಕು. ಈ ಪ್ರಕರಣ ತಿರುಗಿದ್ದೇ ಆ ಬಣ್ಣದ ಮೇಲೆ.

ಒಂದು ಗುಡ್ಡಸಾಲಿನಲ್ಲಿ ಈ ಹದ್ದಿನ ನಾಲ್ಕು ಗೂಡುನೆಲೆಗಳಿದ್ದವು. ಅಲ್ಲಿಗೆ ಸಂರಕ್ಷಣೆಯ ಯೋಜನೆಯೊಂದು ಮಂಜೂರಾಗಿತ್ತು, ಆದರೆ ಹಣ ಮತ್ತು ಕಾವಲು ನಾಲ್ಕಕ್ಕೂ ಸಾಲುವಷ್ಟಿರಲಿಲ್ಲ. ಯಾವ ನೆಲೆ ಉತ್ತಮ ಎಂದು ಅಳೆದು ಹೇಳಿ, ಅಲ್ಲಿಗೆ ಮೊದಲು ಗಮನ ಕೊಡುತ್ತೇವೆ ಎಂದು ಯೋಜನೆಯವರು ಕೇಳಿದರು. ಒಬ್ಬ ಪರಿಸರ ವಿಜ್ಞಾನಿ, ಅರಣ್ಯ ಸಿಬ್ಬಂದಿ, ವರ್ಷಗಳಿಂದ ಆ ಗುಡ್ಡಗಳನ್ನು ನೋಡುತ್ತ ಬಂದಿದ್ದ ಕೆಲವು ಹವ್ಯಾಸಿ ಪಕ್ಷಿವೀಕ್ಷಕರು ಸೇರಿ ತಂಡವಾಯಿತು. ದಾಖಲೆಗಳನ್ನು ಒಟ್ಟುಗೂಡಿಸುವ ಕೆಲಸಕ್ಕೆ ನಾನು ಸೇರಿಕೊಂಡೆ.

ಅಂಕಪಟ್ಟಿ

ತಂಡ ಮೊದಲು ಮಾಡಿದ್ದು ಒಂದು ಅಂಕಪಟ್ಟಿ. ಬಂಡೆಯ ಎತ್ತರ, ಗೂಡಿನ ಮೇಲೆ ನೆರಳು ಕೊಡುವ ಚಾಚು ಇದೆಯೇ, ರಸ್ತೆ ಮತ್ತು ಮನೆಗಳಿಂದ ಎಷ್ಟು ದೂರ, ಸುತ್ತ ಕುರುಚಲು ಕಾಡು ಎಷ್ಟಿದೆ, ಬೇಟೆ ಪ್ರಾಣಿ ಎಷ್ಟು ಸಿಗುತ್ತದೆ, ಹಿಂದಿನ ವರ್ಷಗಳಲ್ಲಿ ಎಷ್ಟು ಸಲ ಜೋಡಿ ಅಲ್ಲಿ ಕಂಡಿದೆ. ಒಂದೊಂದಕ್ಕೂ ಅಂಕ, ಕೊನೆಗೆ ಎಲ್ಲದರ ಮೊತ್ತ. ಬೇಟೆಹಕ್ಕಿಗಳ ಆವಾಸ ಅಳೆಯಲು ಬಹಳ ಕಡೆ ಬಳಸುವ ವಿಧಾನ ಇದು, ಅದರಲ್ಲಿ ತರ್ಕವೂ ಇದೆ.

ಜೋಡಿ ಎಷ್ಟು ವರ್ಷ ಕಂಡಿದೆ ಎಂಬ ಅಂಶಕ್ಕೆ ತಂಡ ಹೆಚ್ಚು ತೂಕ ಕೊಟ್ಟಿತು, ಅದಕ್ಕೂ ಕಾರಣವಿತ್ತು. ಬ್ರಿಟನ್ನಿನ ಪಕ್ಷಿವಿಜ್ಞಾನಿ ಇಯಾನ್ ನ್ಯೂಟನ್ ಗುಬ್ಬಿಡೇಗೆ ಎಂಬ ಸಣ್ಣ ಬೇಟೆಹಕ್ಕಿಗಳನ್ನು ದಶಕಗಳ ಕಾಲ ಹಿಂಬಾಲಿಸಿ ತೋರಿಸಿದ ಸಂಗತಿಗಳಲ್ಲಿ ಇದೂ ಒಂದು: ಕೆಲವು ಗೂಡುನೆಲೆಗಳು ಹೆಚ್ಚುಕಡಿಮೆ ಪ್ರತಿ ವರ್ಷ ತುಂಬಿರುತ್ತವೆ, ಕೆಲವು ಅಪರೂಪಕ್ಕೆ ತುಂಬುತ್ತವೆ, ಹೆಚ್ಚು ವರ್ಷ ತುಂಬಿರುವ ಕಡೆಯೇ ಮರಿಗಳೂ ಹೆಚ್ಚು ಹಾರುತ್ತವೆ. ಒಳ್ಳೆಯ ಜಾಗವನ್ನು ಹಕ್ಕಿಗಳೇ ಮೊದಲು ಹಿಡಿಯುತ್ತವೆ, ಆದ್ದರಿಂದ ಹಕ್ಕಿಯ ಆಯ್ಕೆಯೇ ನಮ್ಮ ಅಳತೆಗೋಲು ಎಂಬುದು ಇದರ ಹಿಂದಿನ ವಿಚಾರ.

ಮೊತ್ತ ಬಂದಾಗ ಹೆಬ್ಬಂಡೆ ಮೊದಲ ಸ್ಥಾನದಲ್ಲಿತ್ತು. ಎತ್ತರದ ಕಡಿದಾದ ಬಂಡೆ, ಚಾಚಿನ ಕೆಳಗೆ ಭದ್ರವಾದ ಗೂಡು, ಸುತ್ತಮುತ್ತ ಮನೆಯಿಲ್ಲ, ಎದುರಿಗೆ ವಿಶಾಲವಾದ ತೆರೆದ ಬಯಲು, ದಾಖಲೆಯಿರುವ ಪ್ರತಿ ವರ್ಷವೂ ಜೋಡಿ ಹಾಜರು. ಕೊನೆಯ ಸ್ಥಾನ ದಾರಿಗುಡ್ಡಕ್ಕೆ. ಅಲ್ಲಿ ಬಂಡೆ ಗಿಡ್ಡ, ಕಾಲುದಾರಿ ಹತ್ತಿರ, ದನ ಕುರಿಗಳ ಓಡಾಟ ನಿತ್ಯದ್ದು. ಹಣವನ್ನೆಲ್ಲ ಹೆಬ್ಬಂಡೆಗೆ ಹಾಕುವ ಕರಡು ಕೂಡ ಸಿದ್ಧವಾಯಿತು.

ಬೇಟೆ ಇದೆ, ಸಿಗುವುದಿಲ್ಲ

ಕರಡಿಗೆ ಸಹಿ ಬೀಳುವ ಮೊದಲು ಬೇಟೆಯ ಲೆಕ್ಕ ಒಂದು ಪ್ರಶ್ನೆ ಎತ್ತಿತು. ನಸುಕಿನಲ್ಲಿ ನಿಗದಿತ ದಾರಿಗಳಲ್ಲಿ ನಡೆದು ಮೊಲ ಮತ್ತು ಗೌಜಲಹಕ್ಕಿಗಳನ್ನು ಎಣಿಸಿದಾಗ ಪೊದೆಗುಡ್ಡದ ಸುತ್ತ ಅವು ಎಲ್ಲಕ್ಕಿಂತ ಹೆಚ್ಚು. ಆದರೂ ಅಲ್ಲಿನ ಜೋಡಿ ಕೆಲವು ವರ್ಷ ಮೊಟ್ಟೆಯನ್ನೇ ಇಟ್ಟಿರಲಿಲ್ಲ, ಇಟ್ಟ ವರ್ಷವೂ ಹೆಚ್ಚೆಂದರೆ ಒಂದು ಮರಿ.

ವಿಜ್ಞಾನಿ ಸೂಚಿಸಿದ ಮುಂದಿನ ಹೆಜ್ಜೆ ನನಗೆ ಬಹಳ ಇಷ್ಟವಾಯಿತು. ಬೇಟೆಯನ್ನು ಎಣಿಸುವುದನ್ನು ನಿಲ್ಲಿಸಿ, ಬೇಟೆಯಾಡುವ ಹಕ್ಕಿಯನ್ನು ನೋಡೋಣ ಎಂದರು. ದೂರದಿಂದ ದೂರದರ್ಶಕದಲ್ಲಿ ನೋಡುತ್ತ, ಹದ್ದು ಎಲ್ಲಿ ಎರಗಿತು, ಎಲ್ಲಿ ಬರಿಗಾಲಲ್ಲಿ ಮೇಲೆದ್ದಿತು ಎಂದು ನಕ್ಷೆಯ ಮೇಲೆ ಗುರುತು ಹಾಕುತ್ತ ಹೋದರು. ಎರಗಿ ಹಿಡಿದ ಗುರುತುಗಳು ಮೇಯ್ದ ಹುಲ್ಲಿನ ಅಂಚು, ಬಂಡೆಹಾಸು, ಪೊದೆ ವಿರಳವಾದ ಇಳಿಜಾರುಗಳಲ್ಲಿ ಗುಂಪುಗೂಡಿದವು. ದಟ್ಟ ಮುಳ್ಳುಪೊದೆಯ ನಡುವೆ ಗೌಜಲಗಳು ಎಷ್ಟೇ ಇರಲಿ, ಹದ್ದಿಗೆ ಅವು ಇಲ್ಲದಂತೆಯೇ. ಪೊದೆಗುಡ್ಡದಲ್ಲಿ ಆಹಾರವಿತ್ತು, ಅದರ ಬಾಗಿಲು ಮುಚ್ಚಿತ್ತು.

ಕುರುಚಲು ಕಾಡು ಹೆಚ್ಚಿದ್ದಷ್ಟೂ ಅಂಕ ಹೆಚ್ಚು ಎಂಬ ಸಾಲನ್ನು ಅಲ್ಲಿಗೆ ಹೊಡೆದುಹಾಕಿ, ಪೊದೆ ಮತ್ತು ತೆರವು ಎಷ್ಟು ಬೆರೆತಿವೆ ಎಂಬುದನ್ನು ಬರೆದರು. ಈ ತಿದ್ದುಪಡಿಯಿಂದ ಪೊದೆಗುಡ್ಡ ಕೆಳಗಿಳಿಯಿತು, ಹೆಬ್ಬಂಡೆ ಇನ್ನೂ ಮೇಲೇರಿತು. ಅದರ ಎದುರಿನ ಬಯಲು ಬೇಟೆಗೆ ಹೇಳಿ ಮಾಡಿಸಿದಂತಿತ್ತು.

ಹಳೆಯ ಚಿತ್ರಗಳು

ತಿರುವು ಬಂದದ್ದು ಕಾಡಿನಿಂದಲ್ಲ, ಕಂಪ್ಯೂಟರಿನಿಂದ. ಪಕ್ಷಿವೀಕ್ಷಕರು ವರ್ಷಗಳಿಂದ ತೆಗೆದಿದ್ದ ಚಿತ್ರಗಳನ್ನು ನೆಲೆವಾರು, ದಿನಾಂಕವಾರು ಜೋಡಿಸುತ್ತಿದ್ದೆವು. ಉದ್ದೇಶ ಇಷ್ಟೇ: ಜೋಡಿ ಕಂಡಿದ್ದಕ್ಕೆ ಪುರಾವೆ. ತಂಡದ ಯುವ ಸದಸ್ಯೆಯೊಬ್ಬರು ಹೆಬ್ಬಂಡೆಯ ಚಿತ್ರಗಳ ಮುಂದೆ ನಿಂತುಬಿಟ್ಟರು. ಮೊದಲ ವರ್ಷದ ಹೆಣ್ಣು ಬೆನ್ನ ಮೇಲೆ ದೊಡ್ಡ ಬಿಳಿ ಮಚ್ಚೆಯಿರುವ ಪೂರ್ಣ ಪ್ರಾಯದ ಹಕ್ಕಿ. ಮರುವರ್ಷ ಗೂಡಿನ ಮೇಲೆ ಕೂತ ಹೆಣ್ಣಿನ ಎದೆಯಲ್ಲಿ ಇನ್ನೂ ಕೆಂಗಂದು ಉಳಿದಿದೆ. ಅದರ ಮುಂದಿನ ವರ್ಷ ಮತ್ತೆ ಬಿಳಿ ಎದೆ, ಆದರೆ ಮಚ್ಚೆಯ ಆಕಾರ ಬೇರೆ. ಆಮೇಲೆ ಗಂಡೂ ಎಳೆಯದು.

"ಜೋಡಿ ಇತ್ತು ಅಂತ ನಾವು ಬರೆದಿದ್ದೀವಿ. ಯಾವ ಜೋಡಿ ಅಂತ ಬರೆದೇ ಇಲ್ಲ," ಎಂದರು ಅವರು.

ಹದ್ದುಗಳು ದೀರ್ಘಾಯುಷಿಗಳು. ಒಮ್ಮೆ ನೆಲೆ ಹಿಡಿದ ಪ್ರಾಯದ ಹಕ್ಕಿ ಬದುಕಿರುವವರೆಗೆ ಅದನ್ನು ಸುಲಭಕ್ಕೆ ಬಿಡುವುದಿಲ್ಲ. ಎಳೆಯ ಹಕ್ಕಿಗೆ ಗೂಡು ಸಿಕ್ಕಿದೆ ಎಂದರೆ ಸ್ಪರ್ಧೆಗೆ ಪ್ರಾಯದವು ಇರಲಿಲ್ಲ ಎಂದರ್ಥ. ಒಂದು ವರ್ಷ ಹೀಗಾದರೆ ಅದು ಸಹಜ ಸಾವಿರಬಹುದು. ಒಂದೇ ನೆಲೆಯಲ್ಲಿ ಮತ್ತೆ ಮತ್ತೆ ಆದರೆ ಅಲ್ಲಿ ಏನೋ ಹಕ್ಕಿಗಳನ್ನು ಕೊಲ್ಲುತ್ತಿದೆ. ಸ್ಪೇನಿನ ಸಂಶೋಧಕರು ಅಲ್ಲಿನ ಇಂಪೀರಿಯಲ್ ಹದ್ದಿನ ಅಧ್ಯಯನದ ಆಧಾರದಲ್ಲಿ, ಗೂಡು ಕಟ್ಟುವ ಜೋಡಿಗಳಲ್ಲಿ ಎಳೆಯ ಹಕ್ಕಿಗಳು ಹೆಚ್ಚುವುದನ್ನು ಇಳಿಮುಖದ ಮುನ್ಸೂಚನೆಯಾಗಿ ಬಳಸಬಹುದು ಎಂದು 2003ರಲ್ಲಿ ಹೇಳಿದ್ದರು. ಸಂಖ್ಯೆ ಕುಸಿಯುವ ಮೊದಲೇ ಈ ಗುರುತು ಕಾಣಿಸಿಕೊಳ್ಳುತ್ತದೆ.

ತಂಡದಲ್ಲಿ ಒಮ್ಮತ ಇರಲಿಲ್ಲ. ನೆಲೆ ಖಾಲಿ ಬಿದ್ದಿಲ್ಲವಲ್ಲ, ಹಕ್ಕಿಗಳೇ ಆರಿಸಿಕೊಂಡು ಬರುತ್ತಿವೆ, ಅದಕ್ಕಿಂತ ಒಳ್ಳೆಯ ಗುಣಮಟ್ಟದ ಸಾಕ್ಷಿ ಏನು ಬೇಕು ಎಂದು ಹಿರಿಯರೊಬ್ಬರು ವಾದಿಸಿದರು. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ 1983ರಲ್ಲೇ ಬೀಟ್ರಿಸ್ ವ್ಯಾನ್ ಹಾರ್ನ್ ಎಂಬ ಅಮೆರಿಕದ ವಿಜ್ಞಾನಿ ಎಚ್ಚರಿಸಿದ್ದರು: ಪ್ರಾಣಿ ಎಷ್ಟು ದಟ್ಟವಾಗಿದೆ ಎಂಬುದೊಂದರಿಂದಲೇ ಆವಾಸದ ಗುಣಮಟ್ಟ ತೀರ್ಮಾನಿಸಬಾರದು, ಅಲ್ಲಿ ಅದು ಎಷ್ಟು ಬದುಕುತ್ತದೆ, ಎಷ್ಟು ಸಂತತಿ ಬಿಡುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು. ನೋಡಲು ಆಕರ್ಷಕವಾಗಿದ್ದು ಒಳಗೆ ಸಾವು ಇಟ್ಟುಕೊಂಡ ಜಾಗಗಳನ್ನು ಪರಿಸರ ವಿಜ್ಞಾನದಲ್ಲಿ ಬಲೆಗಳೆಂದೇ ಕರೆಯುತ್ತಾರೆ. ಜೋಡಿ ಸಿಗದೆ ಅಲೆಯುವ ಹದ್ದುಗಳು ಯಾವಾಗಲೂ ಒಂದಷ್ಟು ಇರುತ್ತವೆ. ಹೆಬ್ಬಂಡೆಯಂಥ ಜಾಗ ತೆರವಾದ ತಕ್ಷಣ ಅವು ಬಂದು ತುಂಬುತ್ತವೆ. ಬೇರೆಡೆ ಹುಟ್ಟಿದ ಮರಿಗಳನ್ನು ಹೆಬ್ಬಂಡೆ ತಿನ್ನುತ್ತಿತ್ತು, ನಮ್ಮ ಪಟ್ಟಿಯಲ್ಲಿ ಅದಕ್ಕೆ ಪೂರ್ಣಾಂಕ ಸಿಗುತ್ತಿತ್ತು.

ನಾಲ್ಕೂ ನೆಲೆಗಳ ಚಿತ್ರಗಳನ್ನು ಇದೇ ಕಣ್ಣಿಂದ ಮತ್ತೆ ನೋಡಿದೆವು. ಕೊನೆಯ ಸ್ಥಾನದ ದಾರಿಗುಡ್ಡದಲ್ಲಿ ಎಲ್ಲ ವರ್ಷವೂ ಒಂದೇ ಹೆಣ್ಣು: ಬೆನ್ನ ಮಚ್ಚೆಯ ಆಕಾರ ಪ್ರತಿ ಚಿತ್ರದಲ್ಲೂ ಹೊಂದುತ್ತಿತ್ತು. ಹೆಚ್ಚಿನ ವರ್ಷಗಳಲ್ಲಿ ಅದರ ಗೂಡಿನಿಂದ ಮರಿ ಹಾರಿತ್ತು.

ಕಂಬದ ಬುಡ

ಕೊಲ್ಲುತ್ತಿರುವುದು ಏನು? ವಿಷ, ಬೇಟೆ, ರೋಗ ಎಂದು ಊಹೆಗಳು ಬಂದವು. ಉತ್ತರ ಕೊಟ್ಟದ್ದು ಹೆಬ್ಬಂಡೆಯ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರು. ಸದಸ್ಯೆ ಫೋಟೋ ತೋರಿಸಿ ಕೇಳಿದಾಗ, "ಇದಾ? ಆ ದಿಣ್ಣೆ ಮೇಲಿನ ಕಂಬದ ಬುಡದಾಗೆ ಸತ್ತು ಬಿದ್ದಿರ್ತದಲ್ಲ ಮೇಡಂ, ಅದೇ ಹಕ್ಕಿ," ಎಂದರು. ಅವರನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಪಂಪ್‌ಸೆಟ್‌ಗಳಿಗೆ ಕರೆಂಟು ಒಯ್ಯುವ ಲೈನು ಬಯಲಿನ ದಿಣ್ಣೆಯ ಮೇಲೆ ಹಾದುಹೋಗಿತ್ತು. ಬಯಲಿನಲ್ಲಿ ಮರವಿಲ್ಲ. ಸುತ್ತಲೂ ಕಾಣುವಂತೆ ಕೂತು ಬೇಟೆಗೆ ಹೊಂಚು ಹಾಕಬೇಕೆಂದರೆ ಇರುವ ಎತ್ತರ ಆ ಕಂಬಗಳು ಮಾತ್ರ. ಬೇಟೆಗೆ ಹೆಚ್ಚು ಅಂಕ ತಂದುಕೊಟ್ಟ ಅದೇ ತೆರವು ಹದ್ದನ್ನು ಕಂಬಕ್ಕೆ ತಂದು ಕೂರಿಸುತ್ತಿತ್ತು.

ಒಂಟಿ ತಂತಿಯ ಮೇಲೆ ಕೂತ ಸಣ್ಣ ಹಕ್ಕಿಗೆ ಏನೂ ಆಗುವುದಿಲ್ಲ, ಅದರ ಮೈ ಇನ್ನೊಂದನ್ನು ತಾಗುವುದಿಲ್ಲ. ಹದ್ದಿನ ಕಥೆ ಬೇರೆ. ಕಂಬದ ಕಬ್ಬಿಣದ ಅಡ್ಡಪಟ್ಟಿಗೆ ನೆಲದ ಸಂಪರ್ಕವಿರುತ್ತದೆ. ಅದರ ಮೇಲೆ ಕಾಲಿಟ್ಟು ಕೂತ ಹಕ್ಕಿ ಹಾರಲು ರೆಕ್ಕೆ ಬಿಚ್ಚಿದಾಗ ಪಕ್ಕದ ತಂತಿ ತಾಗಿದರೆ, ಅಥವಾ ಎರಡು ರೆಕ್ಕೆ ಎರಡು ತಂತಿಗೆ ತಾಗಿದರೆ, ವಿದ್ಯುತ್ ಮೈಮೂಲಕ ಹರಿಯುತ್ತದೆ. ಹದ್ದುಗಳಿಗೆ ಸುರಕ್ಷಿತವಾಗಲು ತಂತಿಗಳ ನಡುವೆ ಸುಮಾರು ಒಂದೂವರೆ ಮೀಟರ್ ಅಂತರ ಬೇಕೆಂಬುದು ಅಮೆರಿಕದಲ್ಲಿ ಬಹುಕಾಲದಿಂದ ಇರುವ ಮಾರ್ಗಸೂಚಿ. 1970ರ ದಶಕದಲ್ಲಿ ಐಡಾಹೋದ ಮಾರ್ಲನ್ ನೆಲ್ಸನ್ ತರಬೇತಾದ ಹದ್ದುಗಳನ್ನು ಮಾದರಿ ಕಂಬಗಳ ಮೇಲೆ ಇಳಿಸಿ, ಅವು ಹೇಗೆ ಕೂರುತ್ತವೆ, ರೆಕ್ಕೆ ಎಲ್ಲಿ ತಾಗುತ್ತದೆ ಎಂದು ಚಿತ್ರೀಕರಿಸಿದ್ದರು. ಹೆಬ್ಬಂಡೆಯ ಲೈನಿನಲ್ಲಿ ಅಂತರ ಇದಕ್ಕಿಂತ ಬಹಳ ಕಡಿಮೆ. ಟ್ರಾನ್ಸ್‌ಫಾರ್ಮರ್ ಇದ್ದ ಕಂಬಗಳಲ್ಲಿ ಜಂಪರ್ ಎಂಬ ಗಿಡ್ಡ ಜೋಡಣೆ ತಂತಿಗಳು ಒತ್ತೊತ್ತಾಗಿ ಇಳಿದಿದ್ದವು, ಅಪಾಯ ಅಲ್ಲಿ ಇನ್ನೂ ಹೆಚ್ಚು. ಗರಿ ಒದ್ದೆಯಾದ ದಿನ ಇನ್ನೂ ಹೆಚ್ಚು.

ಕಂಬಗಳ ಬುಡ ಹುಡುಕಿದಾಗ ಮೂಳೆ, ರೆಕ್ಕೆಗರಿ, ಸುಟ್ಟ ಗುರುತಿದ್ದ ಕಾಲುಗಳು ಸಿಕ್ಕವು. ಎಲ್ಲವೂ ಹದ್ದಿನವಲ್ಲ. ಗೂಬೆಯದೂ ಇತ್ತು.

ಇಲ್ಲಿ ವಿಧಾನದ ಬಗ್ಗೆ ಒಂದು ಮಾತು. ಬೇರೆ ನೆಲೆಗಳ ಕಂಬಗಳ ಕೆಳಗೆ ಏನೂ ಸಿಗಲಿಲ್ಲ ಎಂದಾಗ, ಅಲ್ಲಿ ಸಾವೇ ಇಲ್ಲ ಎಂದು ಬರೆಯಲು ವಿಜ್ಞಾನಿ ಒಪ್ಪಲಿಲ್ಲ. ನಾಯಿ, ನರಿಗಳು ಹೆಣವನ್ನು ಎಷ್ಟು ಬೇಗ ಹೊತ್ತೊಯ್ಯುತ್ತವೆ ಎಂದು ತಿಳಿಯಲು ಸತ್ತ ಕೋಳಿಗಳನ್ನು ಕೆಲವು ಕಂಬಗಳ ಕೆಳಗೆ ಇಟ್ಟು ನೋಡಿದರು. ಹೆಚ್ಚಿನವು ಕೆಲವೇ ದಿನಗಳಲ್ಲಿ ಮಾಯ. ಸಿಕ್ಕ ಹೆಣಗಳ ಸಂಖ್ಯೆ ನಿಜವಾದ ಸಾವುಗಳಿಗಿಂತ ಕಡಿಮೆ ಎಂಬುದು ಇದರಿಂದ ಖಚಿತವಾಯಿತು. ಹುಡುಕುವ ಸರದಿಗಳ ನಡುವಿನ ಅವಧಿಯನ್ನು ಆಗ ಬಿಗಿ ಮಾಡಿದರು.

ಕೂಡಿಸುವುದನ್ನು ಬಿಟ್ಟದ್ದು

ಈಗ ಎರಡು ದಾರಿ. ಹೆಬ್ಬಂಡೆಯನ್ನು ಕೈಬಿಟ್ಟು ಹಣವನ್ನು ದಾರಿಗುಡ್ಡಕ್ಕೆ ಹಾಕುವುದು ಒಂದು, ತಂಡದ ಅರ್ಧದಷ್ಟು ಜನ ಇದರ ಪರ ಇದ್ದರು. ನನ್ನ ಅಭಿಪ್ರಾಯ ಬೇರೆ ಇತ್ತು. ಕೈಬಿಟ್ಟ ಮಾತ್ರಕ್ಕೆ ಹೆಬ್ಬಂಡೆ ಹಕ್ಕಿಗಳನ್ನು ಸೆಳೆಯುವುದನ್ನು ನಿಲ್ಲಿಸುವುದಿಲ್ಲ, ದಾರಿಗುಡ್ಡದಲ್ಲಿ ಹುಟ್ಟಿದ ಮರಿಗಳು ಅಲ್ಲಿಗೇ ಹೋಗಿ ಸಾಯುತ್ತವೆ. ಬಂಡೆ, ಬಯಲು, ಬೇಟೆ ಎಲ್ಲ ಸರಿಯಿದ್ದು ಒಂದೇ ಕಾರಣಕ್ಕೆ ಕೊಲ್ಲುವ ಜಾಗದಲ್ಲಿ ಆ ಒಂದು ಕಾರಣ ತೆಗೆಯುವುದರಿಂದ ಸಿಗುವ ಲಾಭ ಬೇರೆಲ್ಲೂ ಸಿಗದು. ಚರ್ಚೆ ಕಾವೇರಿತು. ಕೊನೆಗೆ ದಾರಿಗುಡ್ಡಕ್ಕೆ ಕಾವಲು ಮಾತ್ರ, ಹಣದ ಹೆಚ್ಚಿನ ಪಾಲು ಹೆಬ್ಬಂಡೆಯ ಲೈನಿಗೆ ಎಂದು ತೀರ್ಮಾನವಾಯಿತು.

ಅದಕ್ಕಿಂತ ದೊಡ್ಡ ನಿರ್ಧಾರ ಅಂಕಪಟ್ಟಿಯದು. ಅಪಾಯವನ್ನು ಇನ್ನೊಂದು ಸಾಲಾಗಿ ಸೇರಿಸಿ ಮತ್ತೆ ಮೊತ್ತ ಮಾಡೋಣ ಎಂಬ ಸಲಹೆ ಬಂತು. ವಿಜ್ಞಾನಿ ಬೇಡವೆಂದರು, ಅವರು ಕೊಟ್ಟ ಕಾರಣ ಇಂಥ ಕೆಲಸ ಮಾಡುವ ಎಲ್ಲರಿಗೂ ಬೇಕಾದದ್ದು. ಕೂಡಿಸಿದರೆ ಎತ್ತರದ ಬಂಡೆಯ ಅಂಕ ಕರೆಂಟಿನ ಸಾವನ್ನು ಸರಿದೂಗಿಸಿಬಿಡುತ್ತದೆ. ಬದುಕಿನಲ್ಲಿ ಅದು ಸರಿದೂಗುವುದಿಲ್ಲ: ಬಂಡೆ ಎಷ್ಟೇ ಎತ್ತರವಿದ್ದರೂ ಸತ್ತ ಹೆಣ್ಣು ಮೊಟ್ಟೆಯಿಡುವುದಿಲ್ಲ. ಆದ್ದರಿಂದ ಪಟ್ಟಿ ಎರಡಾಯಿತು. ಒಂದರಲ್ಲಿ ಹಕ್ಕಿಯನ್ನು ಸೆಳೆಯುವ ಗುಣಗಳು, ಇನ್ನೊಂದರಲ್ಲಿ ಬದುಕುಳಿಯುವಿಕೆ ಮತ್ತು ಮರಿಗಳು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು, ಕೂಡಿಸಕೂಡದು. ಮೊದಲನೆಯದರಲ್ಲಿ ಮೇಲೆ, ಎರಡನೆಯದರಲ್ಲಿ ಕೆಳಗೆ ಇರುವ ನೆಲೆಗೆ ತುರ್ತು ಗಮನ.

ಈ ಎರಡನೆಯ ಪಟ್ಟಿ ಇಟ್ಟ ಮೇಲೆ ಗಣಿಮಗ್ಗುಲಿನ ಸ್ಥಿತಿಯೂ ಹೊರಬಿತ್ತು. ಅಲ್ಲಿ ಜೋಡಿ ಹಳೆಯದೇ, ಸಾವಿಲ್ಲ, ಆದರೆ ಸಿಡಿಮದ್ದಿನ ಶಬ್ದಕ್ಕೆ ಕಾವು ಕೂತ ಹೆಣ್ಣು ಎದ್ದುಹೋಗಿ ಮೊಟ್ಟೆ ಕೆಡುತ್ತಿತ್ತು. ಜೋಡಿ ಇದೆ, ಮರಿಯಿಲ್ಲ. ಇಂಥದ್ದನ್ನು ಬೇಟೆಹಕ್ಕಿಗಳ ಚರಿತ್ರೆ ಮೊದಲೂ ಕಂಡಿದೆ. ಬ್ರಿಟನ್ನಿನಲ್ಲಿ ಪೆರಿಗ್ರಿನ್ ಡೇಗೆಗಳ ಗೂಡುಗಳಲ್ಲಿ ಮೊಟ್ಟೆ ಒಡೆಯುತ್ತಿದ್ದುದನ್ನು ಬೆನ್ನುಹತ್ತಿದ ಡೆರೆಕ್ ರ್ಯಾಟ್‌ಕ್ಲಿಫ್, ಮೊಟ್ಟೆಚಿಪ್ಪು ತೆಳುವಾಗಿರುವುದನ್ನು 1967ರಲ್ಲಿ ಪ್ರಕಟಿಸಿದರು. ಡಿಡಿಟಿ ಎಂಬ ಕೀಟನಾಶಕದ ಪಾತ್ರ ಸ್ಪಷ್ಟವಾದದ್ದು ಆ ದಾರಿಯಲ್ಲೇ.

ಕಂಬಗಳಿಗೆ ಮಾಡಿದ್ದು

ವಿದ್ಯುತ್ ಸರಬರಾಜು ಮಾಡುವವರ ಮೊದಲ ಪರಿಹಾರ, ಹಕ್ಕಿ ಕೂರದಂತೆ ಅಡ್ಡಪಟ್ಟಿಗೆ ಮುಳ್ಳು ಹಾಕುವುದು. ಅಗ್ಗ, ಬೇಗ ಆಗುವ ಕೆಲಸ. ಹಾಕಿಯೂ ನೋಡಿದರು. ಹದ್ದು ಮುಳ್ಳಿಲ್ಲದ ಇಂಚಿನಲ್ಲಿ, ತಂತಿಗೆ ಇನ್ನೂ ಹತ್ತಿರ ಕೂತಿತು, ಇಲ್ಲವೇ ಪಕ್ಕದ ಕಂಬಕ್ಕೆ ಹೋಯಿತು. ಕೂರುವ ಅಗತ್ಯ ಹಾಗೆಯೇ ಉಳಿದಿರುವಾಗ ಕೂರುವ ಜಾಗವನ್ನು ಮಾತ್ರ ಕಿತ್ತುಕೊಂಡರೆ ಹೀಗೇ ಆಗುತ್ತದೆ.

ಎರಡನೆಯ ಸುತ್ತಿನಲ್ಲಿ ಕೂರಲು ಬಿಟ್ಟು, ತಾಗುವ ಭಾಗಗಳನ್ನು ಮುಚ್ಚುವ ಕ್ರಮ ಬಂತು: ಕಂಬದ ಎರಡೂ ಬದಿ ತಂತಿಗೆ ಇನ್ಸುಲೇಷನ್ ಹೊದಿಕೆ, ಜಂಪರ್‌ಗಳಿಗೆ ಹೊದಿಕೆ, ಸಾಧ್ಯವಾದಲ್ಲಿ ಜಂಪರ್‌ಗಳನ್ನು ಅಡ್ಡಪಟ್ಟಿಯ ಕೆಳಗೆ ಇಳಿಸುವುದು. ಎಲ್ಲ ಕಂಬಕ್ಕೂ ಹಣವಿರಲಿಲ್ಲ. ದಿಣ್ಣೆಯ ಮೇಲಿರುವುದು, ಟ್ರಾನ್ಸ್‌ಫಾರ್ಮರ್ ಇರುವುದು, ಸುತ್ತ ಮರವಿಲ್ಲದಿರುವುದು, ಕೆಳಗೆ ಹಿಕ್ಕೆ ಮತ್ತು ಉಗುಳುಂಡೆ (ಜೀರ್ಣವಾಗದ ಮೂಳೆ, ಗರಿಗಳನ್ನು ಹಕ್ಕಿ ಉಗುಳಿದ ಉಂಡೆ) ಬಿದ್ದಿರುವುದು ಎಂಬ ನಾಲ್ಕು ಗುರುತು ನೋಡಿ ಕಂಬ ಆರಿಸಿದರು. ಅಪಾಯ ಎಲ್ಲ ಕಂಬಗಳಲ್ಲಿ ಸಮನಾಗಿ ಹಂಚಿರುವುದಿಲ್ಲ, ಕೆಲವೇ ಕಂಬಗಳು ಹೆಚ್ಚಿನ ಸಾವಿಗೆ ಕಾರಣವಾಗುತ್ತವೆ ಎಂಬುದು ಹಲವು ದೇಶಗಳ ಅನುಭವ. ಸ್ಪೇನ್ 2008ರಲ್ಲಿ ಹಕ್ಕಿಗಳ ರಕ್ಷಣೆಗಾಗಿ ವಿದ್ಯುತ್ ಮಾರ್ಗಗಳ ವಿನ್ಯಾಸಕ್ಕೆ ನಿಯಮವನ್ನೇ ತಂದಿತು.

ಒಪ್ಪಿಗೆ ಪಡೆಯುವಲ್ಲಿ ಹದ್ದಿನ ಮೇಲಿನ ಪ್ರೀತಿ ಕೆಲಸ ಮಾಡಲಿಲ್ಲ, ಮಾಡಿದ್ದು ಲೈನ್‌ಮನ್‌ಗಳ ಪುಸ್ತಕ. ದೊಡ್ಡ ಹಕ್ಕಿ ಸಿಕ್ಕಿಕೊಂಡಾಗಲೆಲ್ಲ ಲೈನ್ ಟ್ರಿಪ್ ಆಗುತ್ತಿತ್ತು, ಪಂಪ್‌ಸೆಟ್ ನಿಂತು ರೈತರು ದೂರುತ್ತಿದ್ದರು. ಕಾರಣ ತಿಳಿಯದ ಟ್ರಿಪ್‌ಗಳ ದಿನಾಂಕಗಳನ್ನೂ ಹೆಣ ಸಿಕ್ಕ ದಿನಾಂಕಗಳನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದ ಮೇಲೆ ಮಾತುಕತೆಯ ಧಾಟಿಯೇ ಬದಲಾಯಿತು.

ಆಮೇಲೆ

ಹೊದಿಕೆ ಹಾಕಿದ ಕಂಬಗಳ ಕೆಳಗೆ ಆಮೇಲೆ ಹದ್ದಿನ ಹೆಣ ಸಿಕ್ಕಿಲ್ಲ. ಹೆಬ್ಬಂಡೆಯ ಹೆಣ್ಣು ಮರುವರ್ಷವೂ ಅದೇ ಹಕ್ಕಿ. ಬೆನ್ನ ಮಚ್ಚೆ ಹೊಂದಿತು, ಎರಡು ಮರಿಗಳು ಹಾರಿದವು. ಇದನ್ನು ಗೆಲುವೆಂದು ಘೋಷಿಸಲು ನಾನು ಸಿದ್ಧನಿಲ್ಲ. ಒಂದು ಜೋಡಿಯ ಕೆಲವು ವರ್ಷಗಳಿಂದ ಏನನ್ನೂ ಸಾಬೀತು ಮಾಡಲಾಗದು. ಆದರೆ ಆ ಹೆಣ್ಣು ಬಂಡೆಯಂಚಿನಲ್ಲಿ ರೆಕ್ಕೆ ಬಿಚ್ಚಿದ ಚಿತ್ರ ಬಂದ ದಿನ ತಂಡದ ಎಲ್ಲರಿಗೂ ಆದ ಸಂತೋಷ ಸುಳ್ಳಲ್ಲ.

ದುಃಖವೂ ಬಂತು. ಬಯಲಿನ ಇನ್ನೊಂದು ತುದಿಯಲ್ಲಿ ಹೊಸ ಸಂಪರ್ಕಕ್ಕೆ ನೆಟ್ಟ ಕಂಬಕ್ಕೆ ಹೊದಿಕೆ ಇರಲಿಲ್ಲ. ಗೂಡು ಬಿಟ್ಟು ಹೆಚ್ಚು ದಿನವಾಗಿರದ ಮರಿಯೊಂದು ಅಲ್ಲಿ ಸತ್ತಿತು. ಎಳೆಯ ಹಕ್ಕಿಗಳು ಹಾರಾಟದಲ್ಲಿ ಇನ್ನೂ ಪಳಗಿರುವುದಿಲ್ಲ, ಕಂಬದ ಮೇಲೆ ತಡವರಿಸಿ ಇಳಿಯುತ್ತವೆ, ರೆಕ್ಕೆ ಹೆಚ್ಚು ಬಡಿಯುತ್ತವೆ. ಹೊಸ ಕಂಬಗಳಿಗೆ ನೆಡುವಾಗಲೇ ಹೊದಿಕೆ ಹಾಕಬೇಕೆಂಬ ಮನವಿ ಆ ಸಾವಿನ ನಂತರ ಹೋಯಿತು. ಗಣಿಮಗ್ಗುಲಿನಲ್ಲಿ ಕಾವಿನ ಕಾಲಕ್ಕೆ ಸಿಡಿಮದ್ದು ನಿಲ್ಲಿಸುವ ಒಪ್ಪಂದ ಆಯಿತಾದರೂ ಪಾಲನೆ ಏರುಪೇರು. ಪೊದೆಗುಡ್ಡದಲ್ಲಿ ಮುಳ್ಳುಪೊದೆ ತೆರವುಗೊಳಿಸುವ ಕೆಲಸ ಒಂದು ಇಳಿಜಾರಿನಲ್ಲಿ ಮಾತ್ರ ನಡೆದಿದೆ.

ಇಂಥದೇ ಕೆಲಸಕ್ಕೆ ಕೈಹಾಕುವವರು ನಮ್ಮ ನಮೂನೆಯಿಂದ ಕೆಲವನ್ನು ಎತ್ತಿಕೊಳ್ಳಬಹುದು. ಜೋಡಿ ಇದೆ ಎಂದು ಬರೆಯುವ ಜಾಗದಲ್ಲಿ ಗಂಡು ಹೆಣ್ಣು ಎರಡರ ವಯಸ್ಸನ್ನೂ ಗರಿಯ ಬಣ್ಣ ನೋಡಿ ಬರೆಯಿರಿ, ಪ್ರತಿ ಋತುವಿನಲ್ಲೂ ಬೆನ್ನು ಮತ್ತು ಎದೆಯ ಚಿತ್ರ ಇಡಿ. ಹಕ್ಕಿ ಕಾಣದ ಭೇಟಿಯನ್ನೂ ದಾಖಲಿಸಿ, ಅದಿಲ್ಲದೆ ಖಾಲಿ ನೆಲೆ ಯಾವುದು, ನೋಡದ ನೆಲೆ ಯಾವುದು ತಿಳಿಯದು. ಮರಿ ಹಾರುವ ವಯಸ್ಸಿನ ಶೇಕಡಾ 80ರಷ್ಟನ್ನು ಮುಟ್ಟಿದ ಮೇಲಷ್ಟೇ ಗೂಡು ಯಶಸ್ವಿ ಎಂದು ಎಣಿಸುವ ವಾಡಿಕೆ ಬೇಟೆಹಕ್ಕಿ ಅಧ್ಯಯನದಲ್ಲಿದೆ. ಮೊಟ್ಟೆ ಕಂಡ ದಿನವೇ ಯಶಸ್ಸು ಬರೆದರೆ ಗಣಿಮಗ್ಗುಲಿನಂಥ ನೆಲೆ ಮೇಲೇರಿಬಿಡುತ್ತದೆ. ಕಾವಿನ ಸಮಯದಲ್ಲಿ ಗೂಡಿನ ಹತ್ತಿರ ಹೋಗಲೇಬೇಡಿ, ದೂರದರ್ಶಕ ಸಾಕು. ಬಯಲಲ್ಲಿ ದಿನವಿಡೀ ಇರುವವರನ್ನು ಮೊದಲ ವಾರವೇ ಮಾತಾಡಿಸಿ.

ನಮ್ಮಲ್ಲಿ ಇನ್ನೂ ಆಗಬೇಕಿರುವುದು ಅಲೆಮಾರಿ ಹಕ್ಕಿಗಳ ಲೆಕ್ಕ. ನೆಲೆ ಸಿಗುವ ಮೊದಲಿನ ವರ್ಷಗಳನ್ನು ಅವು ಗೂಡುಗಳಿಂದ ದೂರ, ಬೇಟೆ ಹೇರಳವಾದ ಬೇರೆ ಬಯಲುಗಳಲ್ಲಿ ಕಳೆಯುತ್ತವೆ. ಆ ಬಯಲುಗಳಲ್ಲೂ ಲೈನುಗಳಿವೆ, ಅವುಗಳ ಬುಡವನ್ನು ಇನ್ನೂ ಯಾರೂ ಹುಡುಕಿಲ್ಲ. ಬರುವ ಋತುವಿನ ಕೆಲಸದ ಪಟ್ಟಿಯಲ್ಲಿ ಮೊದಲ ಸಾಲು ಅದೇ. ಎರಡನೆಯದು, ಬಿಸಿಲಿಗೆ ಬಿರುಕು ಬಿಡತೊಡಗಿರುವ ಹೆಬ್ಬಂಡೆಯ ಹಳೆಯ ಹೊದಿಕೆಗಳನ್ನು ಬದಲಿಸುವುದು.